ಜಕ್ಕವಕ್ಕಿ

ಹಳಗನ್ನಡ ಕಾವ್ಯದಲ್ಲಿ ಸೂರ್ಯಾಸ್ತದ ವರ್ಣನೆ ಬಂತೆಂದರೆ ಬಹುಮಟ್ಟಿಗೆ ಜಕ್ಕವಕ್ಕಿಯೂ ಬಂತೆಂದೇ ಲೆಕ್ಕ. ಮಕ್ಕಳು ಅರ್ಥ ಕೇಳಿದರೆ ‘ಅದೊಂದು ಹಕ್ಕಿ’ ಎಂಬಲ್ಲಿಗೆ ಮನೆಯವರ ಉತ್ತರ ಮುಗಿಯುತ್ತದೆ. ಸ್ವಲ್ಪ ಓದಿಕೊಂಡ ಹಿರಿಯರು ‘ಜಕ್ಕ ಎಂದರೆ ಯಕ್ಷ, ಆದ್ದರಿಂದ ಇದು ಯಕ್ಷರ ಹಕ್ಕಿ’ ಎಂದು ಹೇಳಿಬಿಡುವುದೂ ಉಂಟು. ಯಕ್ಷ ಶಬ್ದದ ತದ್ಭವ ಜಕ್ಕ ಎಂಬುದು ನಿಜ. ಯಕ್ಷಿಣಿ ಜಕ್ಕಿಣಿಯಾದದ್ದೂ ಹಾಗೆಯೇ. ಆದರೆ ಈ ಹಕ್ಕಿಯ ಹೆಸರಿಗೂ ಯಕ್ಷರಿಗೂ ಸಂಬಂಧವಿಲ್ಲ.

ಇಲ್ಲಿನ ಜಕ್ಕ ಬಂದದ್ದು ಸಂಸ್ಕೃತದ ಚಕ್ರವಾಕದಿಂದ. ಚಕ್ರ ಎಂಬುದು ಪ್ರಾಕೃತದಲ್ಲಿ ಚಕ್ಕ ಆಯಿತು. ಕನ್ನಡದಲ್ಲಿ ಮೊದಲ ಚಕಾರ ಜಕಾರವಾಗಿ ಜಕ್ಕ. ತೆಲುಗಿನಲ್ಲಿ ಇದೇ ಹಕ್ಕಿಗೆ ಜಕ್ಕವ ಎಂಬ ಹೆಸರಿದೆ. ಇನ್ನು ‘ವಕ್ಕಿ’ ಎಂಬುದು ನಮ್ಮ ಹಕ್ಕಿಯೇ. ಅದರ ಹಳೆಯ ರೂಪ ಪಕ್ಕಿ. ಸಮಾಸದಲ್ಲಿ ಉತ್ತರಪದದ ಮೊದಲ ಪಕಾರ ವಕಾರವಾಗುವುದು ಆದೇಶಸಂಧಿ. ಮುಂದೆ ಪಾಲ್ ಎಂಬುದು ಹಾಲು, ಪೂ ಎಂಬುದು ಹೂ ಆದಂತೆ ಬಿಡಿಯಾಗಿ ನಿಂತ ಪಕ್ಕಿ ಹಕ್ಕಿಯಾಯಿತು. ಸಮಾಸದೊಳಗೆ ಸೇರಿಕೊಂಡದ್ದು ವಕ್ಕಿಯಾಗಿಯೇ ಉಳಿಯಿತು. ಪಕ್ಕಿಯೂ ಸಂಸ್ಕೃತದ ಪಕ್ಷಿಯ ತದ್ಭವವೇ. ಅಚ್ಚಗನ್ನಡದಂತೆ ಕೇಳಿಸುವ ಈ ಮಾತಿನ ಎರಡು ತುಂಡುಗಳೂ ಹೊರಗಿನಿಂದ ಬಂದವೆಂಬುದು ತಮಾಷೆಯಾಗಿದೆ.

ಗಂಡುಹೆಣ್ಣು ಜಕ್ಕವಕ್ಕಿಗಳು ರಾತ್ರಿ ಅಗಲಿರಬೇಕು, ಹೊಳೆಯ ಆಚೀಚೆ ದಡದಲ್ಲಿ ಕೂಗುತ್ತ ಬೆಳಗನ್ನು ಕಾಯಬೇಕು ಎಂಬುದು ಕವಿಸಮಯ. ವೇದಕಾಲದಲ್ಲಿ ಈ ಜೋಡಿ ವಿರಹದ ಗುರುತಾಗಿರಲಿಲ್ಲ. ಅಥರ್ವವೇದದ ವಿವಾಹ ಸೂಕ್ತದಲ್ಲಿ ದಂಪತಿಗಳು ಚಕ್ರವಾಕಗಳಂತೆ ಕೂಡಿರಲೆಂಬ ಹಾರೈಕೆಯಿದೆ. ವಿರಹದ ಕಥೆ ಗಟ್ಟಿಯಾದದ್ದು ಆಮೇಲಿನ ಕಾವ್ಯಗಳಲ್ಲಿ. ಕಾಳಿದಾಸನ ಮೇಘದೂತದಲ್ಲಿ ದೂರದ ಹೆಂಡತಿಯನ್ನು ಒಂಟಿ ಚಕ್ರವಾಕಿಗೆ ಹೋಲಿಸುವವನು ಒಬ್ಬ ಯಕ್ಷ! ಜಕ್ಕನಿಗೂ ಜಕ್ಕವಕ್ಕಿಗೂ ಇರುವ ನಂಟು ಅಷ್ಟೇ.

ಗಂಡಭೇರುಂಡದಂತೆ ಇದೂ ಕಲ್ಪನೆಯ ಹಕ್ಕಿಯೆಂದು ವಿದ್ಯಾರ್ಥಿಗಳು ತಿಳಿಯಬಾರದು. ಇಂಗ್ಲಿಷಿನಲ್ಲಿ ರಡ್ಡಿ ಶೆಲ್‌ಡಕ್ ಅಥವಾ ಬ್ರಾಹ್ಮಿನಿ ಡಕ್ ಎನ್ನುವ ಬಾತು ಇದೇ. ಕಿತ್ತಳೆ ಮಿಶ್ರಿತ ಕಂದು ಮೈ, ತಿಳಿಬಣ್ಣದ ತಲೆ, ಕಪ್ಪು ಬಾಲ. ಲಡಾಖ್, ಟಿಬೆಟ್ ಮುಂತಾದ ಎತ್ತರದ ನಾಡುಗಳಲ್ಲಿ ಬಂಡೆಗಳ ಪೊಟರೆಯಲ್ಲಿ ಮೊಟ್ಟೆಯಿಟ್ಟು, ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿದು ಬರುತ್ತದೆ. ಸಾಮಾನ್ಯವಾಗಿ ಜೋಡಿಯಾಗಿಯೇ ಇರುತ್ತದೆ; ಗಂಟಲು ದೊಡ್ಡದು, ರಾತ್ರಿಯೂ ಕೂಗುತ್ತದೆ. ಕತ್ತಲಲ್ಲಿ ಈ ಕೂಗು ಕೇಳಿದವರಿಗೆ ಅಗಲಿಕೆಯ ಕಥೆ ಹೊಳೆದಿದ್ದರೆ ಆಶ್ಚರ್ಯವಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ವಲಸೆ ಹಕ್ಕಿಗಳಲ್ಲಿ ಇದೂ ಒಂದು. ಸಂತಾನಕಾಲ ಹತ್ತಿರವಾದಾಗ ಕೊರಳಲ್ಲಿ ಸಣ್ಣ ಕಪ್ಪು ಪಟ್ಟಿ ಮೂಡಿದ್ದರೆ ಅದು ಗಂಡು.