ತಂಗಳು ಪೆಟ್ಟಿಗೆಗೆ ಯಾವ ಮೂಲೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ವಾಸವಿರುವ ಮನೆಯ ಅಡುಗೆಮನೆ ಒಡೆಸಿ ನೋಡು ಎಂದು ಸೇರಿಸುವುದನ್ನು ಮರೆತರು. ಕಟ್ಟೆಗೆ ಕಪ್ಪು ಗ್ರಾನೈಟೋ ಕಂದೋ, ಗೋಡೆಗೆ ಹೂವಿನ ಟೈಲ್ಸೋ ಸಾದಾದೋ ಎಂದು ಮನೆಮಂದಿಯೆಲ್ಲ ವಾರಗಟ್ಟಲೆ ಚರ್ಚಿಸುತ್ತಾರೆ. ಮೇಸ್ತ್ರಿ ಹೇಳಿದ ಹದಿನೈದು ದಿನ ಎರಡು ತಿಂಗಳಾಗುತ್ತದೆ. ಎಲ್ಲ ಮುಗಿದು ಬಣ್ಣ ಒಣಗಿದ ಮೇಲೆ, ಹಾಲಿನಲ್ಲಿ ಹಳೇ ಬೆಡ್‌ಶೀಟು ಹೊದ್ದು ನಿಂತಿದ್ದ ಫ್ರಿಜ್ಜನ್ನು ನಾಲ್ಕು ಜನ ಎತ್ತಿಕೊಂಡು ಬಂದು ಕೇಳುತ್ತಾರೆ: “ಅಮ್ಮಾ, ಇದನ್ನ ಎಲ್ಲಿಡೋಣ?”

ಆ ಹೊತ್ತಿಗೆ ಉತ್ತರ ಒಂದೇ. ಎಲ್ಲಿ ಜಾಗ ಉಳಿದಿದೆಯೋ ಅಲ್ಲಿ. ಅದು ಕೊನೆಗೆ ಕೇಳುವ ಪ್ರಶ್ನೆಯಲ್ಲ, ಗೋಡೆಗೆ ಮೊದಲ ಸುತ್ತಿಗೆ ಬೀಳುವ ಮುಂಚೆಯೇ ಕೇಳಬೇಕಾದ್ದು.

ನಮ್ಮಲ್ಲಿ ಫ್ರಿಜ್ಜು ಅಡುಗೆಮನೆಗೆ ಬಂದ ದಾರಿಯೇ ಸುತ್ತು ದಾರಿ. ಗೋದ್ರೆಜ್ ಕಂಪೆನಿ ನಮ್ಮ ದೇಶದಲ್ಲಿ ಫ್ರಿಜ್ ತಯಾರಿಸತೊಡಗಿದ್ದು 1958ರಲ್ಲಿ. ಆಮೇಲೂ ಬಹಳ ವರ್ಷ ಅದು ಕಂತಿನಲ್ಲಿ ಕೊಳ್ಳುವ ಐಶ್ವರ್ಯವಾಗಿತ್ತು. ಹಾಗಾಗಿ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಹಾಲಿನಲ್ಲೇ ನಿಂತಿತು. ತಲೆಯ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಣ್ಣಿನ ಬುಟ್ಟಿ. ಇನ್ನೊಂದು ಕಾರಣವೂ ಇತ್ತು. ಮಡಿ ಇರುವ ಮನೆಗಳಲ್ಲಿ ಅನ್ನದ ಮುಸುರೆ ಮುಟ್ಟಿದ ಕೈಯಲ್ಲಿ ಹಾಲು ತುಪ್ಪ ಮುಟ್ಟುವ ಹಾಗಿಲ್ಲ. ನಿನ್ನೆಯ ಸಾರು, ಇವತ್ತಿನ ಹಾಲು ಎರಡನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಈ ಪೆಟ್ಟಿಗೆಯನ್ನು ಅಜ್ಜಿಯರು ತಂಗಳು ಪೆಟ್ಟಿಗೆ ಎಂದು ಕರೆದು ಹೊಸ್ತಿಲಾಚೆಗೇ ನಿಲ್ಲಿಸಿದರು.

ಈಗ ಅದು ಯಾರಿಗೂ ಪ್ರದರ್ಶನದ ವಸ್ತುವಲ್ಲ. ಮಡಿಯೂ ಅನೇಕ ಮನೆಗಳಲ್ಲಿ ಸಡಿಲಾಗಿದೆ. ಆದರೂ ಫ್ರಿಜ್ಜು ಮಾತ್ರ ಎಷ್ಟೋ ಮನೆಗಳಲ್ಲಿ ಹಾಲು ಬಿಟ್ಟು ಕದಲಿಲ್ಲ. ಹಾಗಾದರೆ ಅದರ ಬಾಡಿಗೆ ಕಟ್ಟುತ್ತಿರುವವರು ಯಾರು? ಅಡುಗೆ ಮಾಡುವವರ ಮಂಡಿ!

ಬೇಕಾದರೆ ಲೆಕ್ಕ ಹಾಕಿ. ಬೆಳಗಿನ ಕಾಫಿಗೆ ಹಾಲು, ದೋಸೆಗೆ ಹಿಟ್ಟು, ಚಟ್ನಿಗೆ ಕಾಯಿ, ಒಗ್ಗರಣೆಗೆ ಕರಿಬೇವು, ಡಬ್ಬಿಗೆ ಮೊಸರು, ದೇವರಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ. ದಿನಕ್ಕೆ ಮೂವತ್ತು ಸಲ ಎಂದಿಟ್ಟುಕೊಳ್ಳೋಣ. ಹಾಲಿಗೆ ಹೋಗಿ ಬರಲು ಹದಿನಾರು ಹೆಜ್ಜೆ. ಹೆಜ್ಜೆಗೆ ಒಂದೂವರೆ ಅಡಿಯಂತೆ ವರ್ಷಕ್ಕೆ ಸುಮಾರು 80 ಕಿಲೋಮೀಟರ್. ಬೆಂಗಳೂರಿನಿಂದ ಮದ್ದೂರಿಗೆ ನಡೆದುಕೊಂಡು ಹೋದಷ್ಟು. ಹೋದರೂ ವಡೆ ಸಿಗುವುದಿಲ್ಲ.

ಅಡುಗೆಮನೆಯ ನಡಿಗೆಯನ್ನು ಗಂಭೀರವಾಗಿ ಅಳೆದವರಿದ್ದಾರೆ. 1926ರಲ್ಲಿ ಮಾರ್ಗರೆಟೆ ಶ್ಯುಟ್ಟೆ ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ, ಜರ್ಮನಿಯ ಫ್ರಾಂಕ್‌ಫರ್ಟ್‌ನ ಕಾರ್ಮಿಕರ ಮನೆಗಳಿಗಾಗಿ ರೈಲಿನ ಊಟದ ಬೋಗಿಯ ಅಡುಗೆ ಕೋಣೆಯನ್ನು ಮಾದರಿಯಾಗಿಟ್ಟುಕೊಂಡು, ಎರಡು ಮೀಟರೂ ಅಗಲವಿಲ್ಲದ ಅಡುಗೆಮನೆಯೊಂದನ್ನು ರೂಪಿಸಿದರು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇನ್ನೊಂದು ಸೂತ್ರ ಕೊಟ್ಟರು. ಒಲೆ, ಸಿಂಕು, ಫ್ರಿಜ್ಜು ಈ ಮೂರನ್ನೂ ಗೆರೆಯಿಂದ ಸೇರಿಸಿದರೆ ಒಂದು ತ್ರಿಕೋನ. ಅದರ ಒಂದೊಂದು ಬದಿ 4ರಿಂದ 9 ಅಡಿ ಇರಬೇಕು, ಮೂರೂ ಸೇರಿ 26 ಅಡಿ ಮೀರಬಾರದು.

ಸೂತ್ರವೇನೋ ಒಳ್ಳೆಯದೇ. ಆದರೆ ಅದು ಒಬ್ಬಳೇ ಗೃಹಿಣಿ ನಿಂತು ಕೆಲಸ ಮಾಡುವ ಅಡುಗೆಮನೆಗೆ ಹೊಲಿದ ಅಂಗಿ. ನಮ್ಮಲ್ಲಿ ಸೊಸೆ ಒಲೆಯ ಮುಂದಿದ್ದರೆ ಅತ್ತೆ ಈಳಿಗೆಮಣೆ ಹಾಕಿಕೊಂಡು ನೆಲದ ಮೇಲೆ ಹುರುಳಿಕಾಯಿ ಹೆಚ್ಚುತ್ತಿರುತ್ತಾರೆ. ಆಟ ಮುಗಿಸಿ ಬೆವರಿ ಬಂದ ಹುಡುಗ ನೀರಿನ ಬಾಟಲಿಗೆ ನುಗ್ಗುತ್ತಾನೆ. ಫ್ರಿಜ್ಜು ಅಡುಗೆಮನೆಯ ಒಳತುದಿಯಲ್ಲಿದ್ದರೆ ಅವನು ಓಡಬೇಕಾದದ್ದು ಕುದಿಯುವ ಎಣ್ಣೆಯ ಬಾಣಲೆಗೂ ಈಳಿಗೆಮಣೆಗೂ ನಡುವೆ. ಇದು ಹೆಜ್ಜೆಯ ಲೆಕ್ಕವಲ್ಲ, ಸುಟ್ಟ ಗಾಯದ ಲೆಕ್ಕ.

ಆದ್ದರಿಂದ ನಮ್ಮ ಮನೆಗಳಿಗೆ ಹೊಂದುವ ಜಾಗ ಬಹುಮಟ್ಟಿಗೆ ಒಂದೇ: ಅಡುಗೆಮನೆಯ ಒಳಗೆ, ಬಾಗಿಲ ಪಕ್ಕದಲ್ಲಿ, ಒಲೆಗೆ ದೂರದ ತುದಿ. ಅಡುಗೆ ಮಾಡುವವರಿಗೆ ನಾಲ್ಕು ಹೆಜ್ಜೆ, ಹೊರಗಿನಿಂದ ಬರುವವರಿಗೆ ಒಳನುಗ್ಗುವ ಅಗತ್ಯವಿಲ್ಲ. ಒಲೆ ಆಗ್ನೇಯದಲ್ಲೇ ಇರಲಿ ಎನ್ನುವ ಮನೆಯಲ್ಲೂ ಇದಕ್ಕೆ ತೊಡಕಿಲ್ಲ. ವಾಸ್ತು ಗ್ರಂಥ ಬರೆದವರು ಫ್ರಿಜ್ಜು ನೋಡಿರಲಿಲ್ಲ, ಸರಿ. ಆದರೆ ಬೆಂಕಿಗೆ ಒಂದು ಮೂಲೆ ಬಿಟ್ಟುಕೊಡಬೇಕು ಎಂಬ ಮಾತು ಫ್ರಿಜ್ಜಿಗೂ ಹಿತವೇ.

ಏಕೆಂದರೆ ಫ್ರಿಜ್ಜು ತಂಪನ್ನು ‘ತಯಾರಿಸುವ’ ಯಂತ್ರವಲ್ಲ. ಒಳಗಿನ ಶಾಖವನ್ನು ಹೊತ್ತು ತಂದು ಹೊರಗೆ ಚೆಲ್ಲುವ ಕೂಲಿಯಾಳು. ಬಾಗಿಲು ತೆರೆದಿಟ್ಟರೆ ಅಡುಗೆಮನೆ ತಣ್ಣಗಾಗುವುದಿಲ್ಲ, ಇನ್ನಷ್ಟು ಬಿಸಿಯಾಗುತ್ತದೆ. ಶಾಖ ಚೆಲ್ಲಲು ಜಾಗವಿಲ್ಲದಿದ್ದರೆ, ಅಥವಾ ಪಕ್ಕದಲ್ಲೇ ಒಲೆ ಉರಿಯುತ್ತಿದ್ದರೆ, ಈ ಕೂಲಿಯಾಳಿಗೆ ದುಡಿಮೆ ಹೆಚ್ಚು, ನಿಮಗೆ ಕರೆಂಟ್ ಬಿಲ್ಲು ಹೆಚ್ಚು. ಪಶ್ಚಿಮದ ಕಿಟಕಿಯ ಬಿಸಿಲಿಗೂ ಇದೇ ಮಾತು. ಹಳೆಯ ಫ್ರಿಜ್ಜಿನ ಬೆನ್ನಿಗೆ ಕಪ್ಪು ಜಾಲರಿ ಕಾಣುತ್ತಿತ್ತು. ಈಗಿನ ಅನೇಕ ಮಾದರಿಗಳಲ್ಲಿ ಆ ಕೊಳವೆ ಪಕ್ಕದ ತಗಡಿನೊಳಗೆ ಅಡಗಿರುತ್ತದೆ. ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಹಾಗಾಗಿ ಬೆನ್ನಿಗೆ ಮಾತ್ರವಲ್ಲ, ಪಕ್ಕಕ್ಕೂ ತಲೆಗೂ ಗಾಳಿ ಬೇಕು. ಎಷ್ಟು ಎಂಬುದು ಜೊತೆಗೆ ಬರುವ ಪುಸ್ತಿಕೆಯಲ್ಲಿರುತ್ತದೆ. ಹೊಸದನ್ನು ಕೊಳ್ಳುವ ರಾಯಚೂರು, ಕಲಬುರಗಿಯವರು ಹವಾಮಾನ ವರ್ಗದ ಗುರುತನ್ನೂ ನೋಡಿಕೊಳ್ಳಿ. ‘ಟಿ’ ಎಂದಿದ್ದರೆ 43 ಡಿಗ್ರಿ ಸೆಖೆಯವರೆಗೆ ಕೆಲಸ ಮಾಡಲು ಮಾಡಿದ್ದು, ‘ಎನ್’ ಎಂದಿದ್ದರೆ 32ಕ್ಕೇ ಮುಗಿಯಿತು.

ಇನ್ನು ಟೇಪು ಹಿಡಿಯುವ ಕೆಲಸ. ಮೊದಲು ಅಡುಗೆಮನೆಯ ಬಾಗಿಲ ಅಗಲ ಅಳೆಯಿರಿ. ಹಳೆಯ ಮನೆಗಳಲ್ಲಿ ಎರಡೂವರೆ ಅಡಿಯ ಚೌಕಟ್ಟು ದಾಟಲಾಗದೆ ಹಿಂದೆ ಸರಿದ ಫ್ರಿಜ್ಜುಗಳಿವೆ. ಎರಡನೆಯದು ಬಾಗಿಲು ತೆರೆಯುವ ದಿಕ್ಕು. ಅದು ಕಟ್ಟೆಯ ಕಡೆಗೆ ತೆರೆದುಕೊಳ್ಳಬೇಕು. ಇಲ್ಲದಿದ್ದರೆ ಹಿಟ್ಟಿನ ಪಾತ್ರೆ ಹಿಡಿದು ಬಾಗಿಲನ್ನೇ ಪ್ರದಕ್ಷಿಣೆ ಹಾಕಬೇಕಾಗುತ್ತದೆ. ಹಿಡಿಕೆಯ ಬದಿಯಲ್ಲಿ ಒಂದೂಕಾಲು ಅಡಿ ಕಟ್ಟೆ ಖಾಲಿ ಇದ್ದರೆ ಪಾತ್ರೆ ಇಳಿಸಲು ಅನುಕೂಲ. ಮೂರನೆಯದು ಗೋಡೆ. ತಿರುಗಣೆಯ ಬದಿಯನ್ನು ಗೋಡೆಗೆ ಒತ್ತಿಟ್ಟರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಕೆಳಗಿನ ತರಕಾರಿ ಡಬ್ಬ ಈಚೆಗೆ ಬರುವುದಿಲ್ಲ. ನಾಲ್ಕಾರು ಅಂಗುಲ ಬಿಟ್ಟರೆ ಆ ಕಷ್ಟವಿಲ್ಲ.

ಬಡಗಿಯ ಉತ್ಸಾಹಕ್ಕೂ ಸ್ವಲ್ಪ ಕಡಿವಾಣ ಹಾಕಿ. ಇರುವ ಫ್ರಿಜ್ಜಿಗೆ ಸರಿಯಾಗಿ ಅಳತೆ ಕೊಟ್ಟು ಪ್ಲೈವುಡ್ ಗೂಡು ಮಾಡಿಸಿದರೆ ಮುಂದಿನ ಫ್ರಿಜ್ಜಿಗೆ ಅದರೊಳಗೆ ಜಾಗವಿರುವುದಿಲ್ಲ. ಗ್ರಾನೈಟ್ ಮೂವತ್ತು ವರ್ಷ ಬಾಳುತ್ತದೆ, ಫ್ರಿಜ್ಜು ಬಾಳುವುದಿಲ್ಲ.

ಎಲೆಕ್ಟ್ರಿಷಿಯನ್‌ಗೆ ಹೇಳಬೇಕಾದದ್ದು ಎರಡೇ ಮಾತು. ಫ್ರಿಜ್ಜಿಗೆ ಅರ್ತಿಂಗ್ ಸರಿಯಾಗಿರುವ ತನ್ನದೇ ಮೂರು ಪಿನ್ನಿನ ಪ್ಲಗ್ಗು ಬೇಕು, ಉದ್ದನೆಯ ವೈರು ಎಳೆದು ಮಿಕ್ಸಿಯ ಜೊತೆ ಪಾಲು ಹಂಚಬಾರದು. ಮತ್ತು ಸ್ವಿಚ್ಚು ಫ್ರಿಜ್ಜಿನ ಬೆನ್ನ ಹಿಂದಲ್ಲ, ಕೈಗೆಟಕುವ ಪಕ್ಕದ ಗೋಡೆಯಲ್ಲಿರಬೇಕು. ಹಾಗೆಯೇ ಗ್ಯಾಸ್ ಸಿಲಿಂಡರನ್ನು ಫ್ರಿಜ್ಜಿಗೆ ಜೋಡಿ ಮಾಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಫ್ರಿಜ್ಜಿನ ಮೋಟಾರು ಯಾರನ್ನೂ ಕೇಳದೆ ತನ್ನಷ್ಟಕ್ಕೆ ಶುರುವಾಗುವಂಥದ್ದು. ಆ ಹೊತ್ತಿಗೆ ಸಣ್ಣ ಕಿಡಿಯೊಂದೇ ಸಾಕು.

ಬಾಗಿಲ ಪಕ್ಕ ಜಾಗವೇ ಇಲ್ಲದ ಎಂಟಡಿ ಆರಡಿಯ ಅಡುಗೆಮನೆಯಾದರೆ? ಆಗ ಹೊರಗೇ ಇರಲಿ. ಆದರೆ ಟಿ.ವಿ. ಪಕ್ಕದಲ್ಲಲ್ಲ, ಅಡುಗೆಮನೆಯ ಬಾಗಿಲಿಗೆ ಅಂಟಿದ ಗೋಡೆಗೆ. ಊಟದ ಮೇಜು ಅಲ್ಲೇ ಇದ್ದರಂತೂ ಬಡಿಸುವಾಗ ಮೊಸರು ಕೈಗೇ ಸಿಗುತ್ತದೆ.

ಒಡೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಖರ್ಚು ಒಂದು ಸೀಮೆಸುಣ್ಣ. ಫ್ರಿಜ್ಜಿನ ಅಳತೆಯ ಚೌಕವನ್ನು, ಬಾಗಿಲು ತೆರೆಯುವ ಕಮಾನಿನ ಸಮೇತ, ನೆಲದ ಮೇಲೆ ಬರೆಯಿರಿ. ಆ ಚೌಕದಲ್ಲಿ ಕುರ್ಚಿಯೊಂದನ್ನು ಇಟ್ಟು ನಾಲ್ಕು ದಿನ ಅಡುಗೆ ನಡೆಯಲಿ. ಕುರ್ಚಿಗೆ ಯಾರು ಎಷ್ಟು ಸಲ ಎಡವಿದರು ಎಂಬುದೇ ನಿಮಗೆ ಬೇಕಾದ ನಕ್ಷೆ. ಎಂಜಿನಿಯರ್, ಮೇಸ್ತ್ರಿ, ವಾಸ್ತು ಪಂಡಿತರು, ಮನೆಯ ಯಜಮಾನರು ಎಲ್ಲರೂ ಸಲಹೆ ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಸೀಮೆಸುಣ್ಣವನ್ನು ಮಾತ್ರ ದಿನಕ್ಕೆ ಮೂವತ್ತು ಸಲ ಆ ಬಾಗಿಲು ತೆರೆಯುವವರ ಕೈಗೆ ಕೊಡಿ.