ಅಭ್ಯಾಸಗಳನ್ನು ಹೇಳುವ ಬಗೆ

ನಾವು ನಮ್ಮವರನ್ನು ಕುರಿತು ಮನೆಯಲ್ಲಿ ಆಡುವ ಮಾತುಗಳಲ್ಲಿ ಬಹುಪಾಲು ಅವರ ಅಭ್ಯಾಸಗಳನ್ನು ಕುರಿತವೇ ಆಗಿರುತ್ತವೆ. ಒಬ್ಬನು ಕೆಲಸವನ್ನು ನಾಳೆಗೆ ತಳ್ಳುವನು. ಇನ್ನೊಬ್ಬನು ಹಿಡಿದುದನ್ನು ಬಿಡನು. ಮತ್ತೊಬ್ಬಳು ಎಲ್ಲವನ್ನೂ ಸಹಿಸಿಕೊಂಡು ಹೋಗುವಳು. ಇವನ್ನೆಲ್ಲ ಕನ್ನಡದಲ್ಲಿ ತಡವರಿಸದೆ ಹೇಳುವ ಗೃಹಸ್ಥರು ಅದನ್ನೇ ಇಂಗ್ಲಿಷಿನಲ್ಲಿ ಹೇಳಬೇಕಾದಾಗ ಒಂದು ಗಳಿಗೆ ನಿಲ್ಲುವರು. 1898ರ ಪ್ಲೇಗಿನ ತರುವಾಯ ನಿರ್ಮಿತವಾದ ನಮ್ಮ ಮಲ್ಲೇಶ್ವರದ ಮಾತನ್ನೇ ತೆಗೆದುಕೊಳ್ಳೋಣ. ಸಂಪಿಗೆ ರಸ್ತೆಯ ಆಸುಪಾಸಿನ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಗದರಿಸುವುದೂ, ತಾಯಿ ಎರಡು ಭಾಷೆಗಳನ್ನು ಬೆರೆಸಿ ಬುದ್ಧಿ ಹೇಳುವುದೂ, ಹುಡುಗನು ಇಂಗ್ಲಿಷಿನಲ್ಲಿ ಉತ್ತರ ಕೊಡುವುದೂ ಇಂದು ಅಪರೂಪವಲ್ಲ. ಮೂವರೂ ಹೇಳುತ್ತಿರುವುದು ಒಂದೇ ಅಭ್ಯಾಸವನ್ನು. ಆದರೆ ಮೂವರ ಮಾತಿನ ಅರ್ಥವೂ ಒಂದೇ ಆಗಿರುವುದೇ ಎಂಬುದು ಈ ತಿಂಗಳ ವಿಚಾರ.

ಇಂಗ್ಲಿಷಿನವರು ಅಭ್ಯಾಸವನ್ನು ಹೇಳುವಾಗ ದೊಡ್ಡ ಪದಗಳನ್ನು ಹುಡುಕುವುದಿಲ್ಲ. ಪುಟ್, ಟೇಕ್, ಗಿವ್, ಕೀಪ್ ಎಂಬ ಚಿಕ್ಕ ಕ್ರಿಯಾಪದಗಳಿಗೆ ಆಫ್, ಅಪ್, ಆನ್, ಔಟ್ ಎಂಬ ಇನ್ನೂ ಚಿಕ್ಕ ಪದಗಳನ್ನು ತಗುಲಿಸುವರು. ಪುಟ್ ಎಂದರೆ ಇಡು; ಪುಟ್ ಆಫ್ ಎಂದರೆ ಮುಂದಕ್ಕೆ ಹಾಕು. ಗಿವ್ ಎಂದರೆ ಕೊಡು. ಗಿವ್ ಅಪ್ ಎಂದರೆ ಬಿಟ್ಟುಬಿಡು. ಬಿಡಿಪದಗಳ ಅರ್ಥವನ್ನು ಕೂಡಿಸಿದರೆ ಜೋಡಿಯ ಅರ್ಥವು ದೊರೆಯದು. ಪರಭಾಷೆಯವರಿಗೆ ಇದು ಬಹಳ ಕಷ್ಟವೆಂಬುದನ್ನು ಡಾಕ್ಟರ್ ಜಾನ್ಸನ್ನರು 1755ರಲ್ಲಿ ಪ್ರಕಟಿಸಿದ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾರೆ. ಈ ಜೋಡಿಗಳಿಗೆ ಫ್ರೇಸಲ್ ವರ್ಬ್ ಎಂಬ ಹೆಸರು ಬಳಕೆಗೆ ಬಂದುದು ಲೋಗನ್ ಪಿಯರ್ಸಾಲ್ ಸ್ಮಿತ್ತರು 1925ರಲ್ಲಿ ಹೊರತಂದ ಗ್ರಂಥದಿಂದ. ಆ ಹೆಸರನ್ನು ತಮಗೆ ಸೂಚಿಸಿದವರು ಹೆನ್ರಿ ಬ್ರಾಡ್ಲಿಯವರೆಂದು ಅವರು ತಿಳಿಸಿದ್ದಾರೆ.

ಇದನ್ನು ಕೇಳಿ ನಮ್ಮವರು ಹೆದರಬೇಕಾದುದಿಲ್ಲ. ಇಂತಹ ಜೋಡಣೆ ಕನ್ನಡಕ್ಕೆ ಹೊಸದಲ್ಲ. ಇಂಗ್ಲಿಷು ಕ್ರಿಯೆಯ ಬೆನ್ನಿಗೆ ದಿಕ್ಕನ್ನು ಕಟ್ಟಿದರೆ, ಕನ್ನಡವು ಅನೇಕ ವೇಳೆ ಕ್ರಿಯೆಯ ಮುಂದೆ ದೇಹದ ಅಂಗವನ್ನು ನಿಲ್ಲಿಸುತ್ತದೆ: ಕೈಗೊಳ್ಳು, ಕೈಬಿಡು, ಕೈಹಾಕು, ಮೈಗೂಡು, ಬಾಯಿಬಿಡು. ಕೈಗೊಳ್ಳುವುದಕ್ಕೆ ಟೇಕ್ ಅಪ್ ಎಂಬುದೂ, ಕೈಬಿಡುವುದಕ್ಕೆ ಗಿವ್ ಅಪ್ ಎಂಬುದೂ ಬಹುಮಟ್ಟಿಗೆ ಸರಿದೊರೆ. ಇದು ಸಾಲದೆಂದು ಕ್ರಿಯೆಯ ಹಿಂದೆ ಇನ್ನೊಂದು ಕ್ರಿಯೆಯನ್ನೂ ನಾವು ಸೇರಿಸುವೆವು: ಮಾಡಿಬಿಡು, ಮಾಡಿಕೊಳ್ಳು, ಮಾಡುತ್ತ ಬರು, ಮಾಡುತ್ತ ಹೋಗು. ಜಾನ್ಸನ್ನರು ಎತ್ತಿಕೊಟ್ಟ ಜೋಡಿಗಳಲ್ಲಿ ಸೆಟ್ ಇನ್ ಎಂಬುದೊಂದು; ಆರಂಭವಾಗಿ ಎಡೆಬಿಡದೆ ನಡೆಯುವುದಕ್ಕೆ ಆ ಮಾತು. ಆಷಾಢದಲ್ಲಿ ಜಡಿಮಳೆ ಹಿಡಿದುಕೊಂಡಿತು ಎನ್ನುವ ನಮ್ಮ ಹಳ್ಳಿಯವನು ಇಂಗ್ಲಿಷಿನ ಒಂದಕ್ಷರ ಕಲಿಯದೆಯೇ ಆ ಭಾವವನ್ನು ಪೂರ್ಣವಾಗಿ ಹೇಳಿರುತ್ತಾನೆ.

ಎರಡು ಭಾಷೆಗಳ ದಾರಿ ಬೇರೆಯಾಗುವುದು ಅಭ್ಯಾಸದ ಹೊಣೆಯನ್ನು ಯಾರ ಮೇಲೆ ಹೊರಿಸಬೇಕೆಂಬಲ್ಲಿ. ಒಬ್ಬನು ಮದ್ಯಪಾನಿಯಾದನೆನ್ನಿ. ಇಂಗ್ಲಿಷಿನಲ್ಲಿ ಅವನು ಟುಕ್ ಟು ಡ್ರಿಂಕ್, ಎಂದರೆ ತಾನಾಗಿ ಅದನ್ನು ಹಿಡಿದನು. ಕನ್ನಡದಲ್ಲಿ ಅವನು ಕುಡಿತಕ್ಕೆ ಬಿದ್ದನು, ಇಲ್ಲವೆ ಅವನಿಗೆ ಕುಡಿತದ ಚಟ ಅಂಟಿಕೊಂಡಿತು. ಒಂದರಲ್ಲಿ ಮನುಷ್ಯನು ಕರ್ತೃ. ಇನ್ನೊಂದರಲ್ಲಿ ಚಟವೇ ಕರ್ತೃ, ಮನುಷ್ಯನು ಅದರ ಕೈಗೆ ಸಿಕ್ಕಿದವನು. ಮಗನಿಗೆ ಸೋಮಾರಿತನ ಅಂಟಿದೆ ಎನ್ನುವ ತಾಯಿ ದೋಷವನ್ನು ಕಂಡರೂ ಮಗನನ್ನು ದೂರ ಮಾಡುವುದಿಲ್ಲ. ಅಂಟಿದುದನ್ನು ತೊಳೆಯಬಹುದೆಂಬ ನಂಬಿಕೆ ಆ ಮಾತಿನೊಳಗೇ ಅಡಗಿದೆ. ಹಾಗೆಂದು ಕನ್ನಡದ ದಾರಿಯೇ ಸದಾ ಮೇಲೆನ್ನಲಾಗದು. ಎಲ್ಲವೂ ತಾನಾಗಿ ಅಂಟಿತು, ತಾನಾಗಿ ಹತ್ತಿತು ಎಂದು ಹೇಳುತ್ತ ಹೋದರೆ ಬಿಡಿಸಿಕೊಳ್ಳಬೇಕಾದವನು ಯಾರೆಂಬುದೇ ಮರೆತುಹೋದೀತು. ಮೃದುವಾದ ಮಾತು ಬೇಕಾದ ಹೊತ್ತು ಒಂದು, ಹೊಣೆಯನ್ನು ನೆನಪಿಸಬೇಕಾದ ಹೊತ್ತು ಇನ್ನೊಂದು.

ಅಭ್ಯಾಸವು ಕೊನೆಗೊಳ್ಳುವ ಬಗೆಯಲ್ಲಿಯೂ ಇಂತಹ ಸೂಕ್ಷ್ಮವುಂಟು. ಹೊಗೆಸೊಪ್ಪನ್ನು ಮನಸ್ಸು ಗಟ್ಟಿಮಾಡಿ ತ್ಯಜಿಸಿದವನನ್ನು ಕುರಿತು ಗೇವ್ ಇಟ್ ಅಪ್ ಎನ್ನುವರು. ಮಗುವು ಬೆರಳು ಚೀಪುವುದನ್ನು ಬೆಳೆಯುತ್ತ ಮರೆತರೆ ಗ್ರೂ ಔಟ್ ಆಫ್ ಇಟ್ ಎನ್ನುವರು. ಅಂಗಿಯು ಗಿಡ್ಡವಾಗುವ ಹಾಗೆ ಅಭ್ಯಾಸವೂ ಗಿಡ್ಡವಾಯಿತೆಂದು ಭಾವ. ಕನ್ನಡದಲ್ಲಿ ಈ ಭೇದವನ್ನೆಲ್ಲ ಎರಡನೆಯ ಕ್ರಿಯಾಪದವೊಂದೇ ಹೊತ್ತುಕೊಳ್ಳುತ್ತದೆ: ಅವನು ಬಿಟ್ಟುಬಿಟ್ಟನು, ಮಗುವಿಗೆ ಅದು ಬಿಟ್ಟುಹೋಯಿತು. ತಾನಾಗಿ ಬಿಟ್ಟುಹೋಗತಕ್ಕ ಅಭ್ಯಾಸಕ್ಕಾಗಿ ಎಳೆಯ ಮಗುವನ್ನು ಹೊಡೆಯುವ ಹಿರಿಯರು ಈ ಎರಡು ಮಾತುಗಳ ಅಂತರವನ್ನು ಸ್ವಲ್ಪ ಆಲೋಚಿಸುವುದು ಒಳ್ಳೆಯದು.

ಹೊಗಳಿಕೆ ತೆಗಳಿಕೆಗಳೂ ಹೀಗೆಯೇ. ಒಳ್ಳೆಯ ಪದ್ಧತಿಯನ್ನು ಬಿಡದೆ ನಡೆಸಿದರೆ ಕೀಪ್ ಅಪ್. ಬೇಡವೆಂದರೂ ಅದನ್ನೇ ಮಾಡಿದರೆ ಕೀಪ್ ಆನ್. ಮುಂಜಾನೆ ಸ್ಯಾಂಕಿ ಕೆರೆಯ ಬಳಿ ನಡೆದಾಡುವ ವ್ರತವನ್ನು ಹಿರಿಯರೊಬ್ಬರು ನಡೆಸಿಕೊಂಡು ಬಂದಿದ್ದಾರೆ ಎಂದರೆ ಗೌರವ. ಹುಡುಗನು ಊಟದ ಹೊತ್ತಿನಲ್ಲಿಯೂ ಮೊಬೈಲನ್ನು ನೋಡುತ್ತಲೇ ಇರುತ್ತಾನೆ ಎಂದರೆ ದೂರು. ಬರು ಎಂಬುದರಲ್ಲಿ ಹಿಂದಿನಿಂದ ಇಂದಿನವರೆಗಿನ ನಿಷ್ಠೆ ತೋರುತ್ತದೆ. ನೋಡುತ್ತಲೇ ಎಂಬಲ್ಲಿನ ಒಂದು ಏಕಾರದಲ್ಲಿ ಮನೆಯವರ ಬೇಸರವೆಲ್ಲ ತುಂಬಿಕೊಳ್ಳುತ್ತದೆ. ಇನ್ನು ಪುಟ್ ಅಪ್ ವಿತ್ ಎಂಬುದು ಸಹಿಸು ಎಂಬ ಅರ್ಥದ್ದಾದರೂ ಅದರಲ್ಲಿ ಅಸಮಾಧಾನದ ವಾಸನೆ ಇದೆ. ಸಹಿಸಿಕೊಂಡು ಹೋಗುವ ಸೊಸೆ ಎಂಬ ನಮ್ಮ ಮಾತಿನಲ್ಲಿ ಪ್ರಶಂಸೆಯೇ ಹೆಚ್ಚು. ಆ ಪ್ರಶಂಸೆ ಎಷ್ಟು ಹೆಂಗಸರ ಬಾಯಿ ಮುಚ್ಚಿಸಿದೆಯೋ ಬಲ್ಲವರೇ ಬಲ್ಲರು. ಇಂಗ್ಲಿಷಿನ ಮಾತನ್ನು ಪಕ್ಕಕ್ಕಿಟ್ಟು ನೋಡಿದಾಗಲೇ ಇದು ಕಣ್ಣಿಗೆ ಬೀಳುವುದು.

ಕಡೆಯದಾಗಿ, ಈ ಜೋಡಿಗಳ ಗುಂಪಿಗೆ ಸೇರದಿದ್ದರೂ ಅಭ್ಯಾಸವನ್ನೇ ಹೇಳುವ ಯೂಸ್ಡ್ ಟು ಎಂಬ ಪ್ರಯೋಗವಿದೆ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕನ್ನಡದ ಓದುತ್ತಿದ್ದನು ಎಂಬುದು ಆ ಹೊತ್ತಿನಲ್ಲಿ ಓದುತ್ತಿದ್ದುದಕ್ಕೂ ಸಲ್ಲುತ್ತದೆ, ಹಿಂದೆ ಓದುವ ಅಭ್ಯಾಸವಿದ್ದುದಕ್ಕೂ ಸಲ್ಲುತ್ತದೆ. ಆ ಅಭ್ಯಾಸ ಈಗ ನಿಂತಿದೆಯೆಂದು ಅದು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಯೂಸ್ಡ್ ಟು ಎಂಬುದನ್ನು ಕೇಳಿದ ಇಂಗ್ಲಿಷಿನವನಾದರೋ ಅದು ನಿಂತುಹೋಯಿತೆಂದೇ ತಿಳಿಯುವನು. ಮಲ್ಲೇಶ್ವರದ ತಾಯಿಯೊಬ್ಬಳು ಮಗನ ಮನೆಗೆಂದು ಅಮೆರಿಕಕ್ಕೆ ಹೋದಳೆಂದಿಟ್ಟುಕೊಳ್ಳಿ. ರಕ್ತದೊತ್ತಡದ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುತ್ತಿರುತ್ತೇನೆ ಎಂಬ ಅರ್ಥದಲ್ಲಿ ಅವಳು ಅಲ್ಲಿನ ವೈದ್ಯನಿಗೆ ಐ ಯೂಸ್ಡ್ ಟು ಟೇಕ್ ಎಂದರೆ, ಮಾತ್ರೆಯನ್ನು ಬಿಟ್ಟಿದ್ದಾಳೆಂದು ಅವನು ಬರೆದುಕೊಂಡಾನು. ಅದರ ಮೇಲೆ ಬೇರೊಂದು ಔಷಧವನ್ನೂ ಕೊಟ್ಟಾನು. ಅವಳು ಹೇಳಬೇಕಾಗಿದ್ದುದು ಐ ಟೇಕ್ ಎಂಬ ಎರಡೇ ಪದ. ಐ ಆಮ್ ಯೂಸ್ಡ್ ಟು ಎಂಬುದಂತೂ ಬೇರೆಯೇ. ಅದು ನನಗೆ ರೂಢಿಯಾಗಿದೆ ಎಂದು ಹೇಳುತ್ತದೆ, ಮುಂದೆ ಬರುವ ಕ್ರಿಯೆಯು ಟೇಕಿಂಗ್ ಎಂಬಂತೆ ಇಂಗ್ ಅಂತ್ಯವನ್ನು ಪಡೆಯುತ್ತದೆ.

ಆದುದರಿಂದ ಮಕ್ಕಳಿಗೆ ಈ ಜೋಡಿಗಳನ್ನು ಕಲಿಸುವಾಗ ಪಟ್ಟಿಮಾಡಿ ಬಾಯಿಪಾಠ ಮಾಡಿಸುವುದಕ್ಕಿಂತ ಮೂರು ಪ್ರಶ್ನೆಗಳನ್ನು ಕೇಳಿಸುವುದು ಮೇಲು. ಇಲ್ಲಿ ಹೊಣೆ ಯಾರದು? ಅಭ್ಯಾಸವು ಇನ್ನೂ ನಡೆದಿದೆಯೋ, ನಿಂತಿದೆಯೋ? ಹೇಳುವವನು ಮೆಚ್ಚಿ ಹೇಳುವನೋ, ಬೇಸತ್ತು ಹೇಳುವನೋ? ಉತ್ತರವನ್ನು ಮೊದಲು ಕನ್ನಡದಲ್ಲಿ ನಿಶ್ಚಯಿಸಿಕೊಂಡರೆ ತಕ್ಕ ಇಂಗ್ಲಿಷು ಮಾತು ತಾನಾಗಿ ಒದಗುವುದು. ಈ ಪ್ರಶ್ನೆಗಳು ಭಾಷೆಯ ಪಾಠಕ್ಕೆ ಮಾತ್ರ ಸೀಮಿತವೂ ಅಲ್ಲ. ಮನೆಯವರನ್ನು ಹೀಗಳೆಯುವುದಕ್ಕೆ ಮುಂಚೆ ಗೃಹಸ್ಥನು ಇವನ್ನು ತನಗೆ ತಾನೇ ಹಾಕಿಕೊಂಡರೆ ಅನೇಕ ಕಟುವಾದ ಮಾತುಗಳು ನಾಲಗೆಯ ತುದಿಯಲ್ಲಿಯೇ ಉಳಿದಾವು.