ಪಂದ್ಯದ ಗೆರೆ ಯಾರದು?

2024ರ ಅಕ್ಟೋಬರಿನಲ್ಲಿ, ಮಳೆ ಬಿಟ್ಟೂ ಬಿಡದಂತಿದ್ದ ಒಂದು ಸಂಜೆ, ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಲ್ಲಿ ಪರಿಚಿತರೊಬ್ಬರ ಮನೆಗೆ ನಾವು ಹೋಗಿದ್ದೆವು. ಜಗಲಿಯಲ್ಲಿ ಪ್ರೌಢಶಾಲೆಯ ನಾಲ್ಕೈದು ಮಕ್ಕಳು ಒಂದು ದೊಡ್ಡ ಹಲಗೆಯ ಸುತ್ತ ಕುಳಿತಿದ್ದರು. ಹಲಗೆಯ ಮೇಲೆ ಗಾಲಿಗಳಿಂದ ಓಡುವ ಒಂದು ಪುಟ್ಟ ರೋಬಾಟ್. ಹಿಂದಿನವರು ಇಂಥದಕ್ಕೆ ಯಂತ್ರಮಾನವನೆಂದು ಹೆಸರಿಟ್ಟರು. ಆದರೆ ಇದಕ್ಕೆ ಕಾಲೂ ಇಲ್ಲ, ಮುಖವೂ ಇಲ್ಲ. ಹೇಳಿಕೊಟ್ಟಷ್ಟನ್ನು ಮಾತ್ರ ಮಾಡುವ ವಿಧೇಯತೆಯೊಂದು ಉಂಟು.

ಯಂತ್ರದ ವಿಷಯದಲ್ಲಿ ಮಕ್ಕಳಿಗೆ ಹೆಚ್ಚಿನ ತೊಡಕಿರಲಿಲ್ಲ. ತೊಡಕಿದ್ದುದು ಪಕ್ಕದಲ್ಲಿ ತೆರೆದಿಟ್ಟಿದ್ದ ಇಂಗ್ಲಿಷ್ ನಿಯಮಪುಸ್ತಕದಲ್ಲಿ. ಒಬ್ಬಳು ಹುಡುಗಿ ಪುಟದ ಮೇಲೆ ಬೆರಳಿಟ್ಟು ಕೇಳಿದಳು: "ಸಾರ್, ಬಿಲ್ಲೆ ಆರು ಉಳಿದರೂ ಐವತ್ತು ಅಂಕ, ಐದು ಉಳಿದರೂ ಐವತ್ತೇ ಅಂಕ ಅಂತ ಇದೆ. ಅಚ್ಚಿನ ತಪ್ಪಾ?"

ಅದು ಅಚ್ಚಿನ ತಪ್ಪಲ್ಲ. ಆದರೆ ಆ ಪ್ರಶ್ನೆ ನಮ್ಮನ್ನು ಬಹಳ ದಿನ ಬಿಡಲಿಲ್ಲ. ನಿಯಮವನ್ನು ಓದುವುದು ವಿಜ್ಞಾನದ ಹೊರಗಿನ ಕೆಲಸವೆಂದು ನಾವೆಲ್ಲರೂ ಭಾವಿಸಿದ್ದೇವೆ. ಈ ಭಾವನೆ ಸರಿಯಲ್ಲವೆಂದೂ, ನಿಯಮದ ಅಸ್ಪಷ್ಟತೆಯಿಂದ ಎಲ್ಲರಿಗೂ ಸಮನಾದ ನಷ್ಟವಾಗದೆ ದೂರದ ಊರಿನ ಮಕ್ಕಳಿಗೇ ಹೆಚ್ಚು ನಷ್ಟವಾಗುತ್ತದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಆ ಮಕ್ಕಳು ಸಿದ್ಧರಾಗುತ್ತಿದ್ದುದು ಫಸ್ಟ್ ಲೆಗೊ ಲೀಗ್ ಎಂಬ ಸ್ಪರ್ಧೆಗೆ. ಅಮೆರಿಕದ ಫಸ್ಟ್ ಸಂಸ್ಥೆಯೂ ಡೆನ್ಮಾರ್ಕಿನ ಲೆಗೊ ಸಂಸ್ಥೆಯೂ ಕೂಡಿ 1998ರಲ್ಲಿ ಇದನ್ನು ಮೊದಲುಮಾಡಿದವು. ಸುಮಾರು 2.4 ಮೀಟರ್ ಉದ್ದ, 1.1 ಮೀಟರ್ ಅಗಲದ ಮೇಜಿನ ಮೇಲೆ ಹಲವು ಮಾದರಿಗಳನ್ನು ಇಟ್ಟಿರುತ್ತಾರೆ. ಆ ವರ್ಷದ ವಿಷಯ ಸಮುದ್ರವಾಗಿದ್ದುದರಿಂದ ಹವಳ, ಶಾರ್ಕ್, ತಿಮಿಂಗಿಲಗಳು ಅಡ್ಡಗದ್ದೆಯ ಜಗಲಿಗೂ ಬಂದಿದ್ದವು. ಎರಡೂವರೆ ನಿಮಿಷಗಳಲ್ಲಿ ರೋಬಾಟ್ ತಾನಾಗಿಯೇ ಓಡಿ, ಮಾದರಿಗಳನ್ನು ನೂಕಿ, ಎತ್ತಿ, ಸಾಗಿಸಿ ಅಂಕಗಳನ್ನು ಗಳಿಸಬೇಕು. ಮೂರು ಸಲ ಅವಕಾಶವುಂಟು. ಮೂರರಲ್ಲಿ ಉತ್ತಮವಾದುದೊಂದೇ ಲೆಕ್ಕಕ್ಕೆ ಬರುತ್ತದೆ.

ಓಡುತ್ತಿರುವ ರೋಬಾಟ್ ದಾರಿ ತಪ್ಪಿದರೆ ಅದನ್ನು ಕೈಯಿಂದ ಎತ್ತಿ ತಂದು ಮತ್ತೆ ಹೊರಡಿಸಬಹುದು. ಆದರೆ ಅದಕ್ಕೊಂದು ದಂಡವುಂಟು. ಪಂದ್ಯದ ಮೊದಲಲ್ಲಿ ತಂಡಕ್ಕೆ ಆರು ಬಿಲ್ಲೆಗಳಿರುತ್ತವೆ. ಮನೆಯೆಂದು ಗುರುತಿಸಿದ ಸ್ಥಳದ ಹೊರಗೆ ರೋಬಾಟನ್ನು ತಡೆದಾಗಲೆಲ್ಲ ನಿರ್ಣಾಯಕರು ಒಂದು ಬಿಲ್ಲೆಯನ್ನು ತೆಗೆದುಕೊಳ್ಳುತ್ತಾರೆ. 2021-22ರಿಂದ 2024-25ರ ವರೆಗಿನ ನಿಯಮಗಳಲ್ಲಿ, ಕೊನೆಗೆ ಉಳಿದ ಬಿಲ್ಲೆಗಳಿಗೆ ದೊರೆಯುವ ಅಂಕಗಳು ಹೀಗಿದ್ದವು: ಆರಕ್ಕೆ 50, ಐದಕ್ಕೆ 50, ನಾಲ್ಕಕ್ಕೆ 35, ಮೂರಕ್ಕೆ 25, ಎರಡಕ್ಕೆ 15, ಒಂದಕ್ಕೆ 10.

ಈ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಅದರಲ್ಲಿ ಸ್ವಾರಸ್ಯವೇನೂ ಕಾಣದು. ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಬರೆದುಕೊಂಡರೆ ಅದು ಬಾಯಿ ಬಿಡುತ್ತದೆ. ಮೊದಲ ತಡೆಗೆ ತೆರುವ ಬೆಲೆ 0. ಎರಡನೆಯದಕ್ಕೆ 15. ಮೂರನೆಯದಕ್ಕೂ ನಾಲ್ಕನೆಯದಕ್ಕೂ ತಲಾ 10. ಐದನೆಯದಕ್ಕೆ 5. ಆರನೆಯದಕ್ಕೆ 10. ಒಟ್ಟು 50. ಎಂದರೆ, ಮೊದಲ ತಪ್ಪನ್ನು ನಿಯಮವೇ ಕ್ಷಮಿಸಿದೆ. ಎಲ್ಲಕ್ಕಿಂತ ದುಬಾರಿಯಾದುದು ಎರಡನೆಯ ತಪ್ಪು. ಆರು ಬಿಲ್ಲೆಗಳೂ ಹೋದ ಮೇಲೆ ತಡೆಯುವುದರಿಂದ ಬಿಲ್ಲೆಯ ಅಂಕ ಮತ್ತೆ ಕಳೆಯದು, ವೇಳೆ ಮಾತ್ರ ಕಳೆಯುತ್ತದೆ.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. 20 ಅಂಕದ ಕೆಲಸಕ್ಕೆ ಹೊರಟ ರೋಬಾಟ್ ದಾರಿ ತಪ್ಪಿದೆ. ಎತ್ತಿ ತಂದು ಮತ್ತೆ ಬಿಟ್ಟರೆ ಕೆಲಸವಾಗುವ ಸಂಭವ ಅರ್ಧಕ್ಕರ್ಧ. ಹಾಗಾದರೆ ನಿರೀಕ್ಷಿಸಬಹುದಾದ ಲಾಭ ಸರಾಸರಿಯಲ್ಲಿ 10 ಅಂಕ. ಇದು ಮೊದಲ ತಡೆಯಾದರೆ ಕೂಡಲೇ ಎತ್ತಬೇಕು. ಬೆಲೆ ಏನೂ ಇಲ್ಲ. ಎರಡನೆಯದಾದರೆ 15 ತೆತ್ತು 10 ಪಡೆದಂತಾಗುವುದರಿಂದ ಅದೊಂದು ಕೆಲಸಕ್ಕಾಗಿ ಎತ್ತುವುದು ಲಾಭವಲ್ಲ. ಐದನೆಯದಾದರೆ ಮತ್ತೆ ಲಾಭ. ಅದೇ ರೋಬಾಟ್, ಅದೇ ತಪ್ಪು. ಮಾಡಬೇಕಾದ ಕೆಲಸ ಮಾತ್ರ ಬೇರೆ ಬೇರೆ. ಅಡ್ಡಗದ್ದೆಯ ಮಕ್ಕಳು ಈ ವ್ಯತ್ಯಾಸದ ಪಟ್ಟಿಯನ್ನು ಬರೆದುಕೊಂಡ ಮೇಲೆ ಅವರ ಯೋಜನೆಯೇ ಬದಲಾಯಿತು. ಅಲ್ಲಿಯ ವರೆಗೆ "ಮುಟ್ಟಲೇಬಾರದು" ಎಂದು ಅವರು ಪಣತೊಟ್ಟಿದ್ದರು. ಬಿಟ್ಟಿಯಾಗಿ ದೊರೆತ ಒಂದು ಅವಕಾಶವನ್ನು ಹೆದರಿಕೆಯಿಂದ ಕೈಬಿಡುತ್ತಿದ್ದರು.

ನಮ್ಮ ವಿದ್ಯಾರ್ಥಿಮಿತ್ರರಿಗೆ ಇಂಥ ಲೆಕ್ಕ ಹೊಸದಲ್ಲ. ಕರ್ನಾಟಕದ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದುದರಿಂದ ಅಲ್ಲಿ ಪ್ರಶ್ನೆಯನ್ನು ಖಾಲಿ ಬಿಡುವುದು ಅವಿವೇಕ. ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ 4, ತಪ್ಪಿಗೆ 1 ಕಳೆತ. ನಾಲ್ಕು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು. ಉಳಿಯುವುದು ಒಂದೇ ಅಂಕ. ನಾಲ್ಕು ಉತ್ತರಗಳಲ್ಲಿ ಒಂದು ಖಂಡಿತ ತಪ್ಪೆಂದು ತಿಳಿದರೆ ಮಾತ್ರ ಊಹೆಗೆ ನಿಜವಾದ ಬಲ ಬರುತ್ತದೆ. ದಂಡವೆಂಬ ಶಬ್ದಕ್ಕೆ ಬೆದರದೆ ಅದರ ಬೆಲೆಯನ್ನು ಲೆಕ್ಕ ಹಾಕಬೇಕೆಂಬುದು ಎರಡು ಕಡೆಯೂ ಕಲಿಯಬೇಕಾದ ಪಾಠ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಲ್ಲ ನಿಯಮಗಳೂ ಬೆಲೆಪಟ್ಟಿಗಳಲ್ಲ. ಗ್ರಂಥಾಲಯದ ಪುಸ್ತಕವನ್ನು ತಡವಾಗಿ ಹಿಂದಿರುಗಿಸಿದರೆ ತೆರುವ ಕಾಸು ಒಂದು ಬೆಲೆ. ಪುಸ್ತಕದ ಹಾಳೆ ಹರಿಯುವುದು ನಿಷೇಧ. ಮೊದಲನೆಯದನ್ನು ಲೆಕ್ಕ ಹಾಕಬಹುದು, ಎರಡನೆಯದನ್ನು ಲೆಕ್ಕ ಹಾಕುವುದೇ ತಪ್ಪು. ರೋಬಾಟನ್ನು ಎತ್ತುವುದು ಮೊದಲ ಜಾತಿಗೆ ಸೇರಿದುದು. ಎದುರು ತಂಡದ ಕೆಲಸವನ್ನು ಬೇಕೆಂದೇ ಕೆಡಿಸುವುದು ಎರಡನೆಯ ಜಾತಿಗೆ ಸೇರಿದುದು. ನಿಯಮಪುಸ್ತಕವನ್ನು ಕೈಗೆತ್ತಿಕೊಂಡೊಡನೆ ಈ ಎರಡನ್ನೂ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು.

ಅಂಕೆಗಳ ತೊಡಕು ಹೀಗೆ ಲೆಕ್ಕದಿಂದ ಬಿಡುತ್ತದೆ. ಶಬ್ದಗಳ ತೊಡಕು ಅಷ್ಟು ಸುಲಭವಲ್ಲ. "ಗೆರೆಯ ಒಳಗೆ ಇರಬೇಕು" ಎಂಬ ಸರಳ ವಾಕ್ಯವನ್ನೇ ನೋಡಿ. ರೇಖೆಗೆ ಅಗಲವಿಲ್ಲವೆಂದು ಯೂಕ್ಲಿಡನು ಹೇಳಿದನು. ಆದರೆ ಹಲಗೆಯ ಮೇಲೆ ಎಳೆದ ಗೆರೆಗೆ ಅಗಲವುಂಟು. ವಸ್ತು ಆ ಅಗಲದ ಮೇಲೆಯೇ ನಿಂತರೆ ಒಳಗೋ, ಹೊರಗೋ? ಟೆನ್ನಿಸಿನಲ್ಲಿ ಚೆಂಡು ಗೆರೆಯನ್ನು ಮುಟ್ಟಿದರೂ ಒಳಗೇ ಬಿದ್ದಂತೆ. ಫುಟ್‌ಬಾಲಿನಲ್ಲಿ ಚೆಂಡು ಪೂರ್ತಿಯಾಗಿ ಗೆರೆ ದಾಟಿದ ಹೊರತು ಗೋಲಲ್ಲ. ಕ್ರಿಕೆಟ್ಟಿನಲ್ಲಿ ಓಡುವವನ ಬ್ಯಾಟು ಗೆರೆಯ ಮೇಲಿದ್ದರೆ ಸಾಲದು, ಗೆರೆಯ ಆಚೆ ನೆಲ ಮುಟ್ಟಿರಬೇಕು, ಇಲ್ಲದಿದ್ದರೆ ರನೌಟ್. ಮೂರು ಆಟಗಳಿಗೂ ಗೆರೆ ಒಂದೇ ಬಗೆಯದು. ಅದು ಯಾರಿಗೆ ಸೇರಿದ್ದೆಂಬ ಕರಾರು ಮಾತ್ರ ಬೇರೆ ಬೇರೆ. ಸಾಮಾನ್ಯ ಬುದ್ಧಿಯಿಂದ ಇದನ್ನು ಊಹಿಸಲು ಬರುವುದಿಲ್ಲ; ಬರೆದಿಟ್ಟಿರಬೇಕು.

ಭೌತವಿಜ್ಞಾನಿಗಳಿಗೂ ಒಮ್ಮೆ ಇಂಥದೇ ಇಕ್ಕಟ್ಟು ಬಂದಿತ್ತು. ಉದ್ದ, ಕಾಲ ಎಂಬ ಶಬ್ದಗಳ ಅರ್ಥ ಎಲ್ಲರಿಗೂ ಗೊತ್ತೆಂದು ಬಹುಕಾಲ ನಂಬಿದ್ದರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಆ ನಂಬಿಕೆಯನ್ನು ಅಲುಗಿಸಿತು. ಅದರಿಂದ ಪಾಠ ಕಲಿತ ಅಮೆರಿಕದ ವಿಜ್ಞಾನಿ ಪಿ. ಡಬ್ಲ್ಯೂ. ಬ್ರಿಜ್‌ಮನ್ನರು 1927ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಒಂದು ಪರಿಕಲ್ಪನೆಯ ಅರ್ಥವೆಂದರೆ ಅದನ್ನು ಅಳೆಯುವ ಕ್ರಿಯೆಯೇ ಎಂದು ವಾದಿಸಿದರು. ಹೇಗೆ ಅಳೆಯಬೇಕೆಂದು ಹೇಳಲಾಗದ ಶಬ್ದಕ್ಕೆ ವಿಜ್ಞಾನದಲ್ಲಿ ಸ್ಥಾನವಿಲ್ಲ. ಪಂದ್ಯದ ನಿಯಮಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ. ಏನನ್ನು ನೋಡಬೇಕು? ಯಾವಾಗ ನೋಡಬೇಕು, ಓಡುವಾಗಲೋ ಪಂದ್ಯ ಮುಗಿದ ಮೇಲೆಯೋ? ಯಾರು ನೋಡಬೇಕು? ಸಂದೇಹವಾದರೆ ಯಾರ ಪರ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವ ನಿಯಮ ಒಳ್ಳೆಯ ನಿಯಮ. ಕೊಡದ ನಿಯಮಕ್ಕೆ ವಿದ್ಯಾರ್ಥಿ ಅಂಚಿನಲ್ಲಿ ಗುರುತು ಹಾಕಿ, ಪಂದ್ಯದ ಮೊದಲೇ ವ್ಯವಸ್ಥಾಪಕರನ್ನು ಕೇಳಬೇಕು.

ಮೇಲೆ ಹೇಳಿದ ಸ್ಪರ್ಧೆಯ ನಿಯಮಗಳು ನಾಲ್ಕನೆಯ ಪ್ರಶ್ನೆಗೆ ಉದಾರವಾದ ಉತ್ತರವನ್ನು ಕೊಟ್ಟಿವೆ. ನಿರ್ಣಾಯಕರಿಗೆ ನಿಶ್ಚಯವಾಗದೆ, ಪುಸ್ತಕದ ಮಾತೂ ಯಾವ ಕಡೆಗೂ ಸ್ಪಷ್ಟವಾಗಿರದಿದ್ದರೆ, ಸಂದೇಹದ ಲಾಭ ತಂಡಕ್ಕೆ. ಆದರೆ ಈ ಔದಾರ್ಯವನ್ನೇ ನಂಬಿ ಯೋಜನೆ ಹೂಡಬಾರದೆಂದೂ ಅಲ್ಲಿಯೇ ಎಚ್ಚರಿಸಿದ್ದಾರೆ. ಋತುವಿನ ನಡುವೆ ಪ್ರಕಟವಾಗುವ ತಿದ್ದುಪಡಿಗಳು ಮೂಲ ಪುಸ್ತಕಕ್ಕಿಂತ ಮೇಲು. ಮೊದಲ ದಿನ ಪುಸ್ತಕ ಓದಿ ಮುಚ್ಚಿಟ್ಟವರು ಇದನ್ನು ಮರೆತು ನಷ್ಟಪಡುವುದುಂಟು.

ನಿರ್ಣಯದ ಅಳತೆಗೋಲು ಮೊದಲೇ ಒಂದಾಗಿರದಿದ್ದರೆ ಏನಾಗುವುದೆಂಬುದಕ್ಕೆ 2024ರ ನೀಟ್ ಪರೀಕ್ಷೆಯೇ ನಿದರ್ಶನ. ಪರಮಾಣುವನ್ನು ಕುರಿತ ಒಂದು ಭೌತವಿಜ್ಞಾನದ ಪ್ರಶ್ನೆಯಲ್ಲಿ ಹಳೆಯ ಪಠ್ಯಪುಸ್ತಕದಂತೆ ಒಂದು ಉತ್ತರವೂ ಹೊಸದರಂತೆ ಇನ್ನೊಂದು ಉತ್ತರವೂ ಸರಿಯೆಂದು ಎರಡಕ್ಕೂ ಅಂಕ ಕೊಟ್ಟರು. ಪೂರ್ಣ 720 ಅಂಕ ಪಡೆದ 67 ಮಂದಿಯಲ್ಲಿ 44 ಮಂದಿಗೆ ಆ ಪೂರ್ಣತೆ ಬಂದುದು ಈ ಒಂದು ಪ್ರಶ್ನೆಯಿಂದ. ವಿವಾದ ಸುಪ್ರೀಂ ಕೋರ್ಟನ್ನು ಮುಟ್ಟಿತು. ಜುಲೈ ತಿಂಗಳಲ್ಲಿ ನ್ಯಾಯಾಲಯ ದೆಹಲಿಯ ಐಐಟಿಯ ಮೂವರು ತಜ್ಞರ ಅಭಿಪ್ರಾಯ ಕೇಳಿತು. ಸರಿಯುತ್ತರ ಒಂದೇ ಎಂದು ಅವರು ತಿಳಿಸಿದರು. ಇನ್ನೊಂದನ್ನು ಗುರುತಿಸಿದ್ದ ನಾಲ್ಕು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳು, ಬಂದಿದ್ದ ನಾಲ್ಕನ್ನೂ ಕಳೆದುಕೊಂಡು ಮೇಲೊಂದು ಅಂಕ ತೆತ್ತು, ಐದು ಅಂಕ ಹಿಂದೆ ಬಿದ್ದರು. ತಜ್ಞರ ಉತ್ತರ ಸರಿಯೇ. ಆದರೆ ತಮಗೆ ಒಪ್ಪಿಸಿದ ಪುಸ್ತಕವನ್ನು ನಂಬಿ ಓದಿದವರ ಮೇಲೆ ಆ ಭಾರ ಬಿದ್ದುದು ನ್ಯಾಯವೇ ಎಂಬ ಪ್ರಶ್ನೆ ಉಳಿಯುತ್ತದೆ.

ಅಸ್ಪಷ್ಟತೆಯ ತೆರಿಗೆಯನ್ನು ತೆರುವವರು ಯಾರು? ನಮ್ಮ ಲೇಖನದ ತಿರುಳು ಇದೇ. ಬೆಂಗಳೂರಿನ ಅನುಕೂಲಸ್ಥ ತಂಡಕ್ಕೆ ನಾಲ್ಕಾರು ವರ್ಷ ಪಂದ್ಯ ನೋಡಿದ ತರಬೇತುದಾರರಿರುತ್ತಾರೆ. ಪುಸ್ತಕದಲ್ಲಿಲ್ಲದ ರೂಢಿಯೂ ಅವರಿಗೆ ಗೊತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳಿಗೆ ಇರುವುದು ಪುಸ್ತಕವೊಂದೇ, ಅದೂ ಇಂಗ್ಲಿಷಿನಲ್ಲಿ. ಅದರ ಪ್ರತಿಯೊಂದು ಮಸುಕಾದ ವಾಕ್ಯವೂ ಅವರ ಪಾಲಿಗೆ ಒಂದು ದಂಡ. 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ನಿನಿಂದ ದೇಶದ 10,000 ಶಾಲೆಗಳಲ್ಲಿ ಪ್ರಯೋಗಕೋಣೆಗಳು ಏರ್ಪಟ್ಟಿವೆ. ಯಂತ್ರದ ಬಿಡಿಭಾಗಗಳು ಹಳ್ಳಿಯನ್ನೂ ತಲುಪುತ್ತಿವೆ. ಬಿಡಿಭಾಗ ಕೊಟ್ಟು ನಿಯಮವನ್ನು ಒಗಟಾಗಿ ಇಟ್ಟರೆ, ದೀಪ ಕೊಟ್ಟು ಎಣ್ಣೆ ಬಚ್ಚಿಟ್ಟಂತೆ.

ಆದುದರಿಂದ, ನಮ್ಮ ನಾಡಿನಲ್ಲಿ ಇಂಥ ಸ್ಪರ್ಧೆ ನಡೆಸುವವರಲ್ಲಿ ನಮ್ಮ ವಿನಂತಿ ಮೂರು. ನಿಯಮಗಳನ್ನು ಕನ್ನಡದಲ್ಲಿಯೂ ಅಚ್ಚುಮಾಡಿರಿ. ಒಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಎಲ್ಲರಿಗೂ ಲಿಖಿತವಾಗಿ ತಿಳಿಸಿರಿ. ಪ್ರತಿಯೊಂದು ಸಂದಿಗ್ಧ ನಿಯಮದ ಕೆಳಗೂ ಅಂಕ ದೊರೆಯುವ ಒಂದು ಚಿತ್ರವನ್ನೂ ದೊರೆಯದ ಒಂದು ಚಿತ್ರವನ್ನೂ ಕೊಡಿರಿ. ಮಲೆನಾಡಿನವರಿಗೆ ಈ ಮೂರನೆಯದರ ಬೆಲೆ ಗೊತ್ತು. ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಭೇದಗಳುಂಟು. ಒಂದರಿಂದ ಇನ್ನೊಂದಕ್ಕೆ ಧಾರಣೆ ಬೇರೆ. ಬೆಟ್ಟೆಯೆಂದರೇನೆಂದು ಮಾತಿನಲ್ಲಿ ವಿವರಿಸಹೊರಟರೆ ಸಂಜೆಯಾದೀತು. ಅಂಗೈಯಲ್ಲಿ ನಾಲ್ಕು ಅಡಿಕೆ ಇಟ್ಟು ತೋರಿಸಿದರೆ ಎಳೆಯ ಮಗುವಿಗೂ ತಿಳಿಯುತ್ತದೆ.

ಎಲ್ಲ ಸಂದರ್ಭಗಳನ್ನೂ ಮುಂಗಾಣುವ ನಿಯಮವನ್ನು ಯಾರೂ ಬರೆಯಲಾರರೆಂದು ಕೆಲವರು ಆಕ್ಷೇಪಿಸಬಹುದು. ಅದು ನಿಜ. ಅಳತೆಯಲ್ಲಿಯೂ ದೋಷವಿಲ್ಲದ ಅಳತೆಯಿಲ್ಲ. ಹಾಗೆಂದು ಅಳೆಯುವುದನ್ನು ನಾವು ಬಿಟ್ಟಿಲ್ಲ. ದೋಷ ಎಷ್ಟೆಂದು ಹೇಳುವುದನ್ನು ಕಲಿತಿದ್ದೇವೆ. ನಿಯಮದ ದೋಷವನ್ನೂ ಒಪ್ಪಿಕೊಂಡು, ಅದರ ಭಾರವನ್ನು ಬರೆದವರು ಹೊರಬೇಕೆ ಹೊರತು ಆಡುವ ಮಕ್ಕಳು ಹೊರಬಾರದು.

ನಾವು ಅಡ್ಡಗದ್ದೆಯಿಂದ ಹೊರಡುವ ಹೊತ್ತಿಗೆ ಆ ಹುಡುಗಿ 0, 15, 10, 10, 5, 10 ಎಂದು ಜಗಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದಿದ್ದಳು. ಅದರ ಕೆಳಗೆ ತನ್ನ ಮುಂದಿನ ಪ್ರಶ್ನೆಯನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದಳು: "ಗೆರೆ ಯಾರದು?" ಉತ್ತರವನ್ನು ಪುಸ್ತಕದಲ್ಲಿ ಹುಡುಕಿ, ಸಿಗದಿದ್ದರೆ ಬರೆದು ಕೇಳಬೇಕೆಂದು ಹೇಳಿ ಬಂದೆವು.